ಕ್ಲಚ್ ಮೇಲಿನ ಕಾಲು

ದೆವ್ವ ಗಿವ್ವ ಅಂದವರನ್ನ ಬೈದು ಕಳಿಸೋನು ನಾನು. ಶ್ರೀನಿವಾಸಪುರದಲ್ಲಿ ಇಪ್ಪತ್ತು ವರ್ಷದಿಂದ ಮೆಕ್ಯಾನಿಕ್. ನನ್ನ ಗಿರಾಕಿ ಕದಿರೇಶನ ಹಳೇ ಫೋರ್‌ವೀಲ್ ಡ್ರೈವ್ ಜೀಪಿಗೆ ಹೊಸ ಕ್ಲಚ್ ಪ್ಲೇಟ್ ಹಾಕಿಕೊಟ್ಟೆ. ಎಂಟೇ ದಿನಕ್ಕೆ ಸುಟ್ಟು ಕರಕಲಾಗಿ ವಾಪಸ್ ಬಂತು. ಎರಡನೇದೂ ಅಷ್ಟೇ. ನನಗೆ ಮೈಯೆಲ್ಲ ಉರಿದುಹೋಯ್ತು.

"ಕ್ಲಚ್ ಮೇಲೇ ಕಾಲಿಟ್ಕೊಂಡು ಓಡಿಸಿ ಪ್ಲೇಟ್ ಸುಡ್ತೀಯ, ಆಮೇಲೆ ಊರೆಲ್ಲ ನನ್ನ ಹೆಸರು ಕೆಡಿಸ್ತೀಯ!"

"ನಮ್ಮಮ್ಮನಾಣೆಗೂ ಕಾಲಿಡಲ್ಲಣ್ಣ."

ಮೂರನೇ ಪ್ಲೇಟ್ ಹಾಕಿ, ಯಲ್ದೂರು ರಸ್ತೇಲಿ ನಾನೊಬ್ಬನೇ ಓಡಿಸಿ ನೋಡ್ದೆ. ಮಟಮಟ ಮಧ್ಯಾಹ್ನ. ಮಾವಿನ ತೋಪು ದಾಟೋಷ್ಟರಲ್ಲಿ ಸುಟ್ಟ ವಾಸನೆ ಬಂತು. ಎಡಗಾಲಿನ ಹತ್ರ ಮಾತ್ರ ಕೊರೆಯೋ ಚಳಿ. ಬಗ್ಗಿ ನೋಡಿದ್ರೆ ಕ್ಲಚ್ ಪೆಡಲ್ ಅರ್ಧ ಕೆಳಗೆ ಹೋಗಿತ್ತು. ನನ್ನ ಕಾಲು ಪಕ್ಕದಲ್ಲಿತ್ತು.

ಗಾಡಿ ನಿಲ್ಲಿಸಿ, ಬಂದ ಕೋಪಕ್ಕೆ ಕೂಗಿಬಿಟ್ಟೆ: "ಲೇ, ತೆಗ್ಯೋ ಕಾಲು!"

ಪೆಡಲ್ ಮೆಲ್ಲಗೆ ಮೇಲಕ್ಕೆ ಬಂತು.