ವಾಸನೆಯಿಲ್ಲದ ಹುರುಪೆ

“ಇದಕ್ಕೆ ಮೀನಿನ ವಾಸನೆಯೇ ಇಲ್ವಲ್ರೀ. ಎಂತ ಮಾಡಿದ್ರಿ?”

ಶಿರಾಳಕೊಪ್ಪದ ಸಂತೆಯಲ್ಲಿ, ಅಷ್ಟು ಜನರ ನಡುವೆ, ಮೀನಿನ ಮೈಯಿಂದ ಕೆರೆದ ಹುರುಪೆಯ ಚೀಲವನ್ನು ಲೋಕೇಶನ ಮೂಗಿಗೇ ಹಿಡಿದೆ. ಕಾಟ್ಲಾ ಮೀನು ಹೆಚ್ಚುತ್ತಿದ್ದ ಅವನ ಕತ್ತಿ ನಿಂತಿತು. ನಾನು ಬಂದರೆ ತುಟಿಗಿಂತ ಮೊದಲು ನಗುವ ಆ ಕಣ್ಣು ಇವತ್ತು ತಕ್ಕಡಿಯ ಮೇಲೆ.

“ಏನೂ ಮಾಡಿಲ್ರೀ ಮೇಡಂ. ಅಂಜನಾಪುರ ಡ್ಯಾಮಿನ ಮೀನಿಂದೇ.”

ಸುಳ್ಳು. ಹೇಳುವಾಗ ಕಿವಿ ಕೆಂಪಾಗಿತ್ತು.

ಆರು ತಿಂಗಳಿಂದ ಅವನು ಎಸೆಯುವ ಹುರುಪೆಯೆಲ್ಲ ನನಗೆ. ಶಿವಮೊಗ್ಗದ ಲ್ಯಾಬಿನಲ್ಲಿ ಅದರಿಂದ ಪ್ರೊಟೀನ್ ತೆಗೆದು, ಪಾಲಿಮರ್ ಜೊತೆ ಬೆರೆಸಿ, ಕೂದಲಿಗಿಂತ ಸಣ್ಣ ಎಳೆ ಎಳೆದು ಒಂದು ಹಾಳೆ ಮಾಡುತ್ತೇನೆ. ಹೀರೆ ಬಳ್ಳಿಗೆ ಚಪ್ಪರ ಇದ್ದ ಹಾಗೆ, ಸುಟ್ಟ ಗಾಯದ ಮೇಲೆ ಹೊಸ ಚರ್ಮ ಹಬ್ಬಲು ಅದು ಚಪ್ಪರ. ಬರೀ ಪ್ರೊಟೀನಾದರೆ ಒದ್ದೆಯಾದ ಕೂಡಲೇ ಕುಸಿಯುತ್ತದೆ. ಬರೀ ಪಾಲಿಮರ್ ಗಟ್ಟಿ, ಆದರೆ ಜೀವಕೋಶಗಳು ಅದರ ಮೇಲೆ ಕೂರಲು ಒಲ್ಲೆ ಅನ್ನುತ್ತವೆ. ಇದನ್ನು ಹೇಳಿದ ದಿನ ಲೋಕೇಶ ಗಿರಾಕಿಗಳನ್ನೂ ಮರೆತು ಕೇಳಿದ್ದ. “ಹಂಗಾರೆ ನಮ್ ಮೀನು ಸತ್ತ ಮೇಲೂ ಕೆಲಸಕ್ಕೆ ಹೋಗ್ತೈತಿ ಅನ್ರಿ!”

ಈ ಸಲ ಹಾಳೆಯ ಮೇಲೆ ಬಿಟ್ಟ ಕೋಶಗಳೆಲ್ಲ ಸತ್ತವು. ನನ್ನ ಪಿಎಚ್‌ಡಿ ಗೈಡ್ ಮುಖ ಗಂಟಿಕ್ಕಿ, “ಆ ಹುಡುಗನ್ನ ಬಿಡು, ಬೇರೆ ಕಡೆ ತಗೋ” ಅಂದರು. ಅನುಮಾನ ಹತ್ತಿಯೇ ಇವತ್ತು ಚೀಲ ಬಿಚ್ಚಿ ಮೂಸಿದ್ದು. ಬೇರೆ ಕಡೆ ಅಂದರೆ ಈ ಬಸ್ಸಿಲ್ಲ, ಈ ಸಂತೆಯಿಲ್ಲ. ಈ ಕೆಂಪು ಕಿವಿಯೂ ಇಲ್ಲ.

“ಬೇರೆ ಕೆರೆಯದ್ದು ಸೇರ್ಸಿದ್ರಾ? ಹಳೇದಾ? ನಿಜ ಹೇಳಿ. ಇಲ್ಲಾಂದ್ರೆ ನಾನಿನ್ನು ಬರೋದಿಲ್ಲ.”

ಅವನು ಕಾಟ್ಲಾ ತಿರುಗಿಸಿ ಮತ್ತೆ ಹೆಚ್ಚತೊಡಗಿದ. ಪಕ್ಕದಲ್ಲಿ ಸಣ್ಣ ಮೀನು ಗುಡ್ಡೆ ಹಾಕುತ್ತಿದ್ದ ಅವನ ತಾಯಿ ಹುಲಿಗೆಮ್ಮ ತಲೆ ಎತ್ತದೆಯೇ ಅಂದರು, “ಯಾಕೋ, ಗಂಟಲಾಗ ಮುಳ್ಳು ಸಿಕ್ಕೈತೇನು? ಒಂದು ತಿಂಗಳಿಂದ ಮನಿಯಾಗ ಪಾತ್ರೆ ಸೋಪು ನಿಲ್ಲವಲ್ದು, ಅದನ್ನಾರ ಹೇಳು.”

“ಅವ್ವಾ!”

“ಸೋಪು ಹಾಕಿ ತೊಳೆದ್ರಾ?”

ಲೋಕೇಶ ಕತ್ತಿ ಕೆಳಗಿಟ್ಟ. “ಆವತ್ತು ಬಸ್ಸಿನಾಗೆ ಕಂಡಕ್ಟರು ವಾಸನೆ ಅಂತ ನಿಮ್ಮನ್ನ ಎಬ್ಬಿಸಿ ಹಿಂದಿನ ಸೀಟಿಗೆ ಕಳ್ಸಿದ. ಜನ ನಕ್ರು. ನಾನು ಕೆಳಗೇ ನಿಂತಿದ್ದೆ. ನೀವು ಚೀಲ ಅವಚ್ಕೊಂಡು ಕಿಟಕಿ ಕಡೆ ತಿರುಗಿದ್ರಿ… ಅದಕ್ಕೇ, ನಾಕು ನಾಕು ಸಲ ತೊಳ್ದೆ. ಲಿಂಬೆಹಣ್ಣಿನ ಸೋಪು.”

ನನ್ನ ಕೋಶಗಳನ್ನು ಕೊಂದದ್ದು ಅದೇ. ಚೆನ್ನಾಗಿ ಬೈಯಬೇಕು ಅಂದುಕೊಂಡವಳು ಚೀಲದ ಬಾಯಿ ಕಟ್ಟಿದೆ.

“ನನ್ನನ್ನ ಒಂದು ಮಾತು ಕೇಳಬಾರದಿತ್ತಾ?”

“ಕೇಳಿದ್ರೆ ಯಾಕೆ ಅಂತಿದ್ರಿ.” ಈಗ ಆ ಕಣ್ಣು ನೇರ ನನ್ನ ಮೇಲೆ. “ಯಾಕೆ ಅಂತ ಹೆಂಗೆ ಹೇಳ್ಲಿ?”

“ಇನ್ನು ತೊಳೀಬೇಡಿ.”

“ಮತ್ತೆ ಬಸ್ಸಿನಾಗೆ?”

“ಹಿಂದಿನ ಸೀಟಲ್ಲಿ ಇಬ್ಬರಿಗೆ ಜಾಗ ಇರ್ತದೆ. ಶಿಕಾರಿಪುರದ ತನಕ ಬಂದು ಬಿಡಿ.”

ಹುಲಿಗೆಮ್ಮ ಕತ್ತಿಯನ್ನು ತಮ್ಮ ಕಡೆಗೆ ಎಳೆದುಕೊಂಡರು. “ಹೋಗೋ. ಆ ಕೈಯಾರ ತೊಳ್ಕೊಂಡು ಹೋಗು.”

“ಬೇಡಮ್ಮ, ವಾಸನೆ ಇರ್ಲಿ,” ಅಂದೆ ನಾನು.