ಆಮೆನ್‌ಗೆ ಬಿಟ್ಟ ಜಾಗ

"ನಿಲ್ಸಿ, ನಿಲ್ಸಿ! ಎರಡನೇ ಚರಣಕ್ಕೆ ಯಾಕ್ರೀ ಇಷ್ಟು ತಡವಾಗಿ ಬರ್ತೀರ? ನಿದ್ದೆ ಬಂತಾ?"

ಆರ್ಗನ್ ಮುಂದೆ ಕೂತಿದ್ದ ಲೂಷಿಯಸ್ ಸಿಡುಕಿದ. ಮೈಕಿನ ಎದುರು ನಿಂತಿದ್ದ ವರ್ಲೀನ್‌ಳ ಮುಖ ಬಿಸಿಯಾಯಿತು. ಚರ್ಚ್ ಬಿಟ್ಟು ಹೊರಗೆ ಅವಳು ಹಾಡುತ್ತಿದ್ದುದೇ ಅಂದು ಮೊದಲು.

"ಆಮೆನ್‌ಗೆ ಜಾಗ ಬಿಟ್ಟೆ ಕಣ್ರೀ. ನಮ್ಮ ಚರ್ಚಲ್ಲಿ ಇಂಥ ಸಾಲು ಹಾಡಿದ್ರೆ ಮುಂದಿನ ಬೆಂಚಿನ ಅಜ್ಜಿಯರು ಸುಮ್ನಿರ್ತಾರಾ? ಅವರು ಆಮೆನ್ ಅನ್ನೋವರೆಗೂ ಕಾಯ್ಬೇಕು. ಅದೇ ಅಭ್ಯಾಸ..."

"ಈ ಸ್ಟುಡಿಯೋದಲ್ಲಿ ಯಾವ ಅಜ್ಜಿ ಇದ್ದಾರ್ರೀ?"

"ನೀವಿದ್ದೀರಲ್ಲ! ಗೊಣಗೋದ್ರಲ್ಲಿ ಏನೂ ಕಮ್ಮಿ ಇಲ್ಲ."

ಲೂಷಿಯಸ್ ಬಿದ್ದು ಬಿದ್ದು ನಕ್ಕ. ಆ ತಪ್ಪನ್ನು ಹಾಡಿನಲ್ಲಿ ಹಾಗೇ ಉಳಿಸಿಕೊಂಡ.

ಅದು ಸಾವಿರದ ಒಂಬೈನೂರ ಅರವತ್ತಾರು, ಅಮೆರಿಕದ ಮೆಂಫಿಸ್ ನಗರ. ಬೇಸಿಗೆ ಮುಗಿಯುವಷ್ಟರಲ್ಲಿ ಇಬ್ಬರೂ ಒಬ್ಬರನ್ನೊಬ್ಬರು ಬಿಟ್ಟಿರಲಾರದಂತಾಗಿದ್ದರು.

"ಈಗ ಟೇಪಲ್ಲಿರೋದು ಬರೀ ಮಾದರಿಗೆ. ರೆಕಾರ್ಡ್ ಬರೋದು ನಿನ್ನ ಹೆಸರಲ್ಲೇ. ಇದು ನಿನ್ನ ಹಾಡು ವರ್ಲೀನ್," ಎಂದಿದ್ದ ಅವನು.

ಅಷ್ಟರಲ್ಲಿ ಅವನ ತಾಯಿ ತೀರಿಕೊಂಡರು. ಮಣ್ಣು ಮಾಡಲು ಮಿಸಿಸಿಪ್ಪಿಗೆ ಹೋದವನು ತಿಂಗಳಾದರೂ ಬರಲಿಲ್ಲ. ಒಂದು ಮಧ್ಯಾಹ್ನ ರೆಕಾರ್ಡ್ ಅಂಗಡಿಯ ಬಾಗಿಲಲ್ಲಿ ವರ್ಲೀನ್ ಹಾಗೇ ನಿಂತುಬಿಟ್ಟಳು. ಒಳಗೆ ಅವಳದೇ ಹಾಡು! ಹಾಡುತ್ತಿದ್ದವಳು ದೊಡ್ಡ ಗಾಯಕಿ ಡೊರಿಂಡಾ ವೇಲ್. ರೆಕಾರ್ಡಿನ ಮೇಲೆ 'ರಚನೆ: ಲೂಷಿಯಸ್ ಪೆಟ್ವೇ' ಎಂದಿತ್ತು.

ಎರಡನೇ ಚರಣದ ಮುಂದೆ ಡೊರಿಂಡಾ ಕೂಡ ಕಾದಳು. ಅಷ್ಟೇ ಹೊತ್ತು...

'ನನ್ನ ಆಮೆನ್ನನ್ನೂ ಅವಳಿಗೇ ಕೊಟ್ಟುಬಿಟ್ಟೆಯಾ?'

ಮರುದಿನವೇ ಅವಳು ಷಿಕಾಗೋ ಬಸ್ಸು ಹತ್ತಿದಳು. ಒಂದು ಮಾತು ಕೇಳಬಾರದಿತ್ತೇ ಹುಡುಗಿ! ಕೇಳಲಿಲ್ಲ. ನೊಂದವರಿಗೆ ಅಷ್ಟು ತಾಳ್ಮೆ ಎಲ್ಲಿ ಬರಬೇಕು?

ಹಾಡು ಮಾತ್ರ ಅವಳನ್ನು ಬಿಡಲಿಲ್ಲ. ಎಪ್ಪತ್ತೊಂದರಲ್ಲಿ ಒಬ್ಬ ಗಾಯಕ ಪಿಟೀಲುಗಳ ಹಿಂಡನ್ನೇ ಕಟ್ಟಿಕೊಂಡು ಹಾಡಿದ. ಎಂಬತ್ತನಾಲ್ಕರಲ್ಲಿ ಒಬ್ಬಳು ಎಳೆಯ ಗಾಯಕಿ ಯಂತ್ರದ ತಾಳಕ್ಕೆ ಹಾಡಿದಳು. ಒಬ್ಬರ ರೆಕಾರ್ಡ್ ಕೇಳಿ ಇನ್ನೊಬ್ಬರು ಕಲಿತವರು. ಯಾಕೆಂದು ಗೊತ್ತಿಲ್ಲದಿದ್ದರೂ ಎಲ್ಲರೂ ಅಲ್ಲೇ ಕಾದರು. ಪ್ರತಿ ಸಲವೂ ವರ್ಲೀನ್ ಎದ್ದು ರೇಡಿಯೋ ಆರಿಸಿದಳು, ಸಿಂಕಿನ ಮುಂದೆ ನಿಂತು ಅತ್ತಳು. ಆಮೇಲೆ ಗಂಟಲಿನ ಆಪರೇಷನ್ ಆಯಿತು. ಆ ದನಿ ಹೋಯಿತು, ಉಳಿದದ್ದು ಬರೀ ಗೊರಗೊರ ಸದ್ದು.

ಮೂವತ್ತೆರಡು ವರ್ಷದ ಮೇಲೆ ಚಿಕ್ಕಮ್ಮನನ್ನು ನೋಡಲು ಮೆಂಫಿಸ್‌ಗೆ ಬಂದವಳು ಭಾನುವಾರ ತನ್ನ ಹಳೆಯ ಚರ್ಚಿಗೆ ಹೋಗಿ ಹಿಂದಿನ ಬೆಂಚಿನಲ್ಲಿ ಕೂತಳು. ಆರ್ಗನ್ ಮುಂದೆ ನರೆತ ತಲೆಯೊಂದು ಬಾಗಿತ್ತು. ಮಾತಿಲ್ಲದ ಬರೀ ರಾಗ... ಅದೇ ರಾಗ!

ಎದ್ದು ಹೋಗಬೇಕೆನ್ನಿಸಿತು. ಆದರೂ ಕೂತೇ ಇದ್ದಳು.

ಆ ಜಾಗ ಬಂತು. ಬೆರಳುಗಳು ನಿಂತವು.

"ಲೂಷಿಯಸಣ್ಣ ಮತ್ತೆ ನಿಲ್ಸಿದ ನೋಡೇ," ಎಂದು ಪಕ್ಕದಾಕೆ ತನ್ನ ಗೆಳತಿಗೆ ಪಿಸುಗುಟ್ಟಿದಳು. "ಪ್ರತಿ ವಾರ ಇದೇ ಕಥೆ. ಯಾರಿಗೆ ಕಾಯ್ತಾನೋ!"

ವರ್ಲೀನ್‌ಳ ಒಡೆದ ಗಂಟಲಿನಿಂದ ತಾನಾಗಿಯೇ ಹೊರಬಂತು.

"ಆಮೆನ್..."

ಅವನು ತಿರುಗಿದ. ಎರಡನೇ ಚರಣ ಆ ದಿನ ಮುಂದುವರಿಯಲೇ ಇಲ್ಲ.

ಪ್ರಾರ್ಥನೆ ಮುಗಿದ ಮೇಲೆ ಚರ್ಚಿನ ಮೆಟ್ಟಿಲ ಮೇಲೆ ಇಬ್ಬರೂ ಕೂತರು.

"ಸ್ಟುಡಿಯೋ ಮಾಲೀಕ ನಾನಿಲ್ಲದಾಗ ನಿನ್ನ ಟೇಪ್‌ನ ಡೊರಿಂಡಾಗೆ ಕೇಳಿಸ್ಬಿಟ್ಟ," ಎಂದ ಲೂಷಿಯಸ್. "ಟೇಪಲ್ಲಿ ಇದ್ದ ಹಾಗೇ ಕಲಿತಳು. ನಾನು ಬರೋ ಹೊತ್ತಿಗೆ ರೆಕಾರ್ಡ್ ಇತ್ತು, ನೀನಿರ್ಲಿಲ್ಲ."

"ನಾನು ಕೇಳ್ಲೇ ಇಲ್ಲ ಲೂಷಿಯಸ್... ಒಂದೇ ಒಂದು ಮಾತು ಕೇಳ್ಲಿಲ್ಲ!" ಅವಳು ಬಿಕ್ಕಿದಳು. "ಈಗ ನೋಡು, ದನಿಯೂ ಇಲ್ಲ. ನಿನ್ನ ಹಾಡು ಹಾಡೋಕೆ ಇನ್ನು ನನ್ನ ಕೈಲಾಗಲ್ಲ."

"ಹಾಡೋರು ಊರ ತುಂಬ ಇದ್ರು ಕಣೇ. ಆಮೆನ್ ಅನ್ನೋರೇ ಇರ್ಲಿಲ್ಲ."

ಅವಳು ಕಣ್ಣೊರೆಸಿಕೊಂಡಳು.

"ಮುಂದಿನ ವಾರ ಬರ್ತೀಯಾ?" ಎಂದು ಕೇಳಿದ ಅವನು.

"ಬರ್ತೀನಿ. ಮುಂದಿನ ಬೆಂಚಲ್ಲೇ ಕೂತ್ಕೋತೀನಿ. ಈಗ ನಾನೂ ಅಜ್ಜೀನೇ ಅಲ್ವಾ?"