ಕಮರಿಯಂಚಿನ ಜೇನುಹಿಂಡು

"ಹಾರಿತು! ನೀಲಿ ಪೆಟ್ಟಿಗೆ ಹಾರಿತು!"

ಗಾಷ್ಪೆರ್ ಹಾಕಿದ ಕೂಗಿಗೆ ಜೇನುಸಾಕಣೆ ಶಿಬಿರದ ಮಕ್ಕಳೆಲ್ಲ ಸೂಪಿನ ಬಟ್ಟಲು ಬಿಟ್ಟು ಓಡಿಬಂದರು. ಪೆಟ್ಟಿಗೆಯೇನೂ ಹಾರಿರಲಿಲ್ಲ ಅನ್ನಿ. ಹಾರಿದ್ದು ಒಳಗಿನ ಜೇನುಹುಳುಗಳು. ಅಂಗಳದ ಲಿಂಡನ್ ಮರದ ಮೇಲೆ ಕಂದು ಮೋಡ ಗಿರಗಿರ ಸುತ್ತುತ್ತಿತ್ತು.

ಆ ನೀಲಿ ಪೆಟ್ಟಿಗೆಯನ್ನು ನೋಡಿಕೊಳ್ಳುವ ಹೊಣೆ ತಿಂಕಾರಾಳದು. ಹೊಸ ರಾಣಿ ಬೆಳೆಯುವ ಕೋಶ ಕಂಡರೆ ತಕ್ಷಣ ಹೇಳಬೇಕು, ಇಲ್ಲದಿದ್ದರೆ ಸಂಸಾರ ಪಾಲಾಗಿ ಅರ್ಧ ಹುಳುಗಳು ಹೊರಟುಹೋಗುತ್ತವೆ ಅಂತ ಮೊದಲ ದಿನವೇ ಹೇಳಿದ್ದರು. ಎರಿ ಕಟ್ಟಿದ ಎಲ್ಲ ಚೌಕಟ್ಟು ನೋಡಿದೆ ಎಂದು ಅವಳು ಹೇಳಿದ್ದಳು. ನೋಡಿರಲಿಲ್ಲ. ಕೊನೆಯ ಎರಡನ್ನು ಎಳೆಯುವಾಗ ಹುಳುಗಳು ಕೈಮೇಲೆ ಹತ್ತಿದ್ದೇ ತಡ, ಹೆದರಿ ಬಾಗಿಲು ಹಾಕಿಬಿಟ್ಟಿದ್ದಳು.

"ಹೊರಟಿರೋದು ಎಳೇ ರಾಣಿ. ಹತ್ತಿರದಲ್ಲಿ ಕೂರೋಳಲ್ಲ," ಎಂದರು ಶಿಬಿರ ನಡೆಸುವ ಜಾಲಿಕಾ ಅತ್ತೆ, ಕಣ್ಣಿಗೆ ಕೈ ಅಡ್ಡ ಹಿಡಿದು. "ಬಂಡೆ ಸಂದಿಗೆ ಹೊಕ್ಕರೆ ಮುಗೀತು, ಚಳಿಗಾಲ ದಾಟೋದಿಲ್ಲ. ಕತ್ತಲಾಗೋದ್ರೊಳಗೆ ತರಬೇಕು. ಗಾಷ್ಪೆರ್, ಹಿಂಡು ಹಿಡಿಯೋ ಡಬ್ಬಿ, ಹಗ್ಗ, ನೀರಿನ ಸೀಸೆ. ಯಾರು ಬರ್ತೀರಿ?"

"ನಾನು," ಎಂದಳು ತಿಂಕಾರಾ.

"ಮದುಮಗಳು ಬರ್ತಾಳಂತೆ!" ಗಾಷ್ಪೆರ್ ಹಲ್ಲು ಕಿಸಿದ. ಮೊದಲ ದಿನ ಮೂಗಿಗೆ ಕಚ್ಚಿಸಿಕೊಂಡ ಮೇಲೆ ತಿಂಕಾರಾ ಮುಸುಕಿನ ಟೋಪಿ ತೆಗೆದೇ ಇರಲಿಲ್ಲ. ಜಾಲಿಕಾ ಅತ್ತೆಯ ಅಪ್ಪನ ಕಾಲದ ಹುಲ್ಲಿನ ಟೋಪಿ ಅದು, ಜೇನುಮನೆಯ ಮೊಳೆಗೆ ನೇತುಬಿದ್ದಿದ್ದು. ಊಟಕ್ಕೂ ಅದೇ, ಚೆಂಡಾಟಕ್ಕೂ ಅದೇ.

ಹಿಂಡು ನದಿಯತ್ತ ಹೊರಟಿತು. ಮೂವರೂ ಹಿಂದೆ ಬಿದ್ದರು.

ಸೋಚಾ ನದಿಯ ತೂಗುಸೇತುವೆ ಒಬ್ಬೊಬ್ಬರೇ ನಡೆದರೂ ತೂಗುತ್ತದೆ. ಇವರು ಮೂವರೂ ಒಟ್ಟಿಗೆ ಓಡಿದರು. ಹಲಗೆಗಳು ದಡಬಡ ಎಂದವು. ಕೆಳಗೆ ಹಸಿರು ನೀರು ಬಂಡೆಗೆ ಬಡಿದು ನೊರೆ ಕಾರುತ್ತಿತ್ತು.

"ಕೆಳಗೆ ನೋಡಬೇಡ, ಮೇಲೆ ನೋಡು! ಕಣ್ಣು ತಪ್ಪಿದರೆ ಹಿಂಡು ಹೋಯ್ತು!" ಅತ್ತೆ ಏದುಸಿರಲ್ಲೇ ಕಿರುಚಿದರು.

ಆಚೆ ದಡದಲ್ಲಿ ದಾರಿಯೇ ಇಲ್ಲ. ಬೀಚ್ ಮರಗಳ ಕಾಡು ನೆಟ್ಟಗೆ ಏರುತ್ತದೆ. ವರ್ಷಗಳ ತರಗೆಲೆ ಮೊಣಕಾಲಿನವರೆಗೆ ಹುದುಗಿಸಿಕೊಳ್ಳುತ್ತದೆ. ಕಾಡು ಮುಗಿದಲ್ಲಿ ಬಿಳಿ ಜಲ್ಲಿಯ ಇಳಿಜಾರು, ಒಂದು ಹೆಜ್ಜೆ ಇಟ್ಟರೆ ಅರ್ಧ ಹೆಜ್ಜೆ ಜಾರುತ್ತದೆ. ಅದರಾಚೆ ಮೊಳಕೈಯೆತ್ತರದ ಪೈನ್ ಪೊದೆಗಳು, ಬಿಸಿಲಿಗೆ ಕಾದು ಅಂಟಿನ ವಾಸನೆ ಬಿಡುತ್ತಿದ್ದವು. ತಿಂಕಾರಾಳಿಗೆ ಇದ್ಯಾವುದೂ ಬೇಕಿರಲಿಲ್ಲ. ಝೇಂಕಾರ ಕೇಳಿದರೆ ಜೀವ ಬರುತ್ತಿತ್ತು, ನಿಂತರೆ ಹೋಗುತ್ತಿತ್ತು.

"ಅಗೋ!" ಗಾಷ್ಪೆರ್ ಕೈ ತೋರಿಸಿದ.

ಕಮರಿಯ ಅಂಚಿನಲ್ಲಿ ಬಾಗಿದ ಲಾರ್ಚ್ ಮರ. ಅದರ ತುದಿಯಲ್ಲಿ ಪುಟ್ಟ ಕುಂಬಳಕಾಯಿ ಗಾತ್ರಕ್ಕೆ ಹಿಂಡು ಜೋತುಬಿದ್ದಿತ್ತು. ಕೆಳಗೆ ಬರೀ ಗಾಳಿ.

ಅತ್ತೆ ಎದುರಿನ ಬಂಡೆಗೋಡೆಯತ್ತ ಬೆರಳು ಮಾಡಿದರು. ಅಲ್ಲೊಂದು ಬಿರುಕಿಗೆ ಹುಳುಗಳು ಹೋಗಿ ಬಂದು ಮಾಡುತ್ತಿದ್ದವು. "ಮನೆ ಹುಡುಕಿ ಆಗಿದೆ. ಉಳಿದವರನ್ನ ಒಪ್ಪಿಸ್ತಾ ಇದ್ದಾರೆ ಅಷ್ಟೇ. ಗಾಷ್ಪೆರ್, ನೀರು ಚಿಮುಕಿಸು! ಮಳೆ ಬಂತು ಅಂದ್ಕೊಂಡು ಸ್ವಲ್ಪ ಹೊತ್ತು ಕೂತಿರ್ತಾವೆ."

"ಮರ ಯಾರು ಹತ್ತೋದು?"

"ನಾನು ಹತ್ತಿದರೆ ಮರವೇ ಕೆಳಗಿಳಿಯುತ್ತೆ. ತಿಂಕಾರಾ ಹಗುರ ಇದ್ದಾಳೆ. ಆಗುತ್ತಾ ಮಗಾ?"

ಆಗುವುದಿಲ್ಲ ಎಂದು ನಾಲಿಗೆ ತುದಿಯವರೆಗೆ ಬಂದಿತ್ತು. ತಿಂಕಾರಾ ಅದನ್ನು ನುಂಗಿ ಸೊಂಟಕ್ಕೆ ಹಗ್ಗ ಕಟ್ಟಿಸಿಕೊಂಡಳು.

ಹೊಟ್ಟೆಯ ಮೇಲೆ ತೆವಳಿದಳು. ಕೊಂಬೆ ಬಾಗಿತು. ಡಬ್ಬಿಯನ್ನು ಹಿಂಡಿನ ಕೆಳಗೆ ಹಿಡಿದು ಕೊಂಬೆಯ ತುದಿಯನ್ನು ಒಂದೇ ಏಟಿಗೆ ಕೊಡವಿದಳು. ಧಪ್! ಹಿಂಡು ಒಳಗೆ ಬಿತ್ತು.

"ಭಲೇ!" ಎಂದ ಗಾಷ್ಪೆರ್.

ಭಲೇ ಅನ್ನುವಷ್ಟರಲ್ಲಿ ಹುಳುಗಳೆಲ್ಲ ಹೊರಗೆ. ಬೆಂಕಿ ಬಿದ್ದ ಮನೆಯಿಂದ ಜನ ಓಡಿದ ಹಾಗೆ ಓಡಿದವು, ಮತ್ತೆ ಕೊಂಬೆಗೆ ಅಂಟಿಕೊಂಡವು. ತಿಂಕಾರಾ ಡಬ್ಬಿ ಮೂಸಿದಳು.

"ಲ್ಯಾವೆಂಡರ್ ಸೋಪು!"

ಅತ್ತೆ ಗಾಷ್ಪೆರನ ಕಡೆ ತಿರುಗಿದರು. ಅವನ ಕಿವಿ ಕೆಂಪಾಗಿತ್ತು. "ಇವತ್ತು ಬೆಳಿಗ್ಗೆ ಸಾಮಾನು ತಪಾಸಣೆ ಇತ್ತಲ್ಲ ಅತ್ತೆ. ಕೊಳಕಾಗಿತ್ತು, ಮೂರು ಸಲ ಉಜ್ಜಿದೆ..."

"ಅಯ್ಯೋ ನಿನ್ನ ಶುಚಿತ್ವಕ್ಕಿಷ್ಟು! ಆ ಕೊಳಕೇ ಕಣೋ ಅವಕ್ಕೆ ಬೇಕಿದ್ದದ್ದು. ಮೇಣದ ವಾಸನೆ, ಹಳೇ ಜೇನಿನ ವಾಸನೆ!"

ನೀರೂ ಮುಗಿದಿತ್ತು. ಹಿಂಡಿನ ಸದ್ದು ಏರುತ್ತಿತ್ತು. ಹುಳುಗಳು ಒಂದೊಂದಾಗಿ ಬಿಟ್ಟುಕೊಂಡು ಬಿರುಕಿನತ್ತ ಹಾರತೊಡಗಿದವು.

ಮೇಣದ ವಾಸನೆ. ತಿಂಕಾರಾ ವಾರವಿಡೀ ಉಸಿರಾಡಿದ್ದೇ ಅದನ್ನು. ಮುಸುಕಿನೊಳಗೆ, ಹಣೆಯ ಮೇಲೆ, ಮೂಗಿನ ತುದಿಗೆ.

ಅವಳು ಟೋಪಿ ತೆಗೆದಳು.

"ತಿಂಕಾರಾ! ಹುಚ್ಚೇನೇ ನಿಂಗೆ?" ಈ ಸಲ ಗಾಷ್ಪೆರ್ ನಗಲಿಲ್ಲ.

ಟೋಪಿಯನ್ನು ಮಗುಚಿ ಹಿಡಿದಳು. ಸುತ್ತಲಿನ ಮುಸುಕು ಮೇಲಕ್ಕೆತ್ತಿದರೆ ಆಳವಾದ ಚೀಲವೇ ಆಯಿತು. ಹುಳುಗಳು ಕೆನ್ನೆಯ ಮೇಲೆ ಹರಿದವು. ಒಂದು ಹುಬ್ಬಿನಲ್ಲಿ ಸಿಕ್ಕಿಕೊಂಡಿತು. ಭಯವಾಯಿತೇ? ಆಗದೆ ಏನು. ಹೆದರುತ್ತಲೇ ಕೊಂಬೆ ಕೊಡವಿದಳು.

ಧಪ್!

"ಅಲ್ಲಾಡಬೇಡ," ಅತ್ತೆ ಪಿಸುಗುಟ್ಟಿದರು. "ಅಂಚು ನೋಡು. ಬಾಲ ಎತ್ತಿ ರೆಕ್ಕೆ ಬೀಸ್ತಿದ್ದಾವಾ?"

ಮೊದಲು ಏನೂ ಇಲ್ಲ. ಆಮೇಲೆ ಒಂದು ಹುಳು ಟೋಪಿಯಂಚಿಗೆ ಬಂದು, ತಲೆ ತಗ್ಗಿಸಿ, ಬಾಲ ಮೇಲೆತ್ತಿ ರೆಕ್ಕೆ ಬೀಸತೊಡಗಿತು. ಪಕ್ಕಕ್ಕೆ ಇನ್ನೊಂದು ಬಂತು. ನೋಡನೋಡುತ್ತ ಅಂಚು ತುಂಬಿತು.

"ಬೀಸ್ತಿದ್ದಾವೆ ಅತ್ತೆ!"

"ರಾಣಿ ಒಳಗಿದ್ದಾಳೆ. ಉಳಿದವರನ್ನ ಕರೀತಿದ್ದಾರೆ. ಕಾಯಿ."

ಕೊಂಬೆಯ ಮೇಲೆ ಮಲಗಿ ಕಾದಳು. ಕೈ ಮರಗಟ್ಟಿತು. ಬಂಡೆಯ ಕಡೆ ಹೋದವೂ ಒಂದೊಂದಾಗಿ ಮರಳಿ ಬಂದು ಟೋಪಿಯೊಳಗೆ ಇಳಿದವು. ಕೊನೆಗೆ ಮುಸುಕಿನ ಬಾಯಿ ಕಟ್ಟಿ, ಹಗ್ಗ ಎಳೆಸಿಕೊಂಡು ಹಿಂದೆ ಜಾರಿದಳು.

ಇಳಿಯುವುದು ಏರಿದ್ದಕ್ಕಿಂತ ಕಷ್ಟ. ಜಲ್ಲಿಯಲ್ಲಿ ಗಾಷ್ಪೆರ್ ಮುಂದೆ ಕೂತು ಕೂತು ಜಾರಿ ದಾರಿ ಮಾಡಿದ. ಚಡ್ಡಿಯ ಹಿಂಭಾಗ ಚಿಂದಿಯಾಯಿತು. ತೂಗುಸೇತುವೆಯ ಮೇಲೆ ಈ ಸಲ ಒಬ್ಬೊಬ್ಬರಾಗಿ ನಡೆದರು. ಶಿಬಿರ ಮುಟ್ಟುವಾಗ ಬೆಟ್ಟದ ನೆತ್ತಿಯಲ್ಲಷ್ಟೇ ಬಿಸಿಲಿತ್ತು. ಅಡುಗೆಮನೆಯಿಂದ ಆಲೂಗಡ್ಡೆ, ಚೀಸ್ ಹುರಿಯುವ ಘಮ ಬರುತ್ತಿತ್ತು.

ಅರ್ಧ ಖಾಲಿಯಾಗಿದ್ದ ನೀಲಿ ಪೆಟ್ಟಿಗೆಯ ಮುಂದೆ ತಿಂಕಾರಾ ನಿಂತುಬಿಟ್ಟಳು.

"ಅತ್ತೆ, ಕೊನೇ ಎರಡು ಚೌಕಟ್ಟು ನಾನು ನೋಡಿರ್ಲಿಲ್ಲ. ಸುಳ್ಳು ಹೇಳಿದೆ."

"ಗೊತ್ತು. ಮುಸುಕಿನೊಳಗೆ ನೀನು ಕಣ್ಣು ಮುಚ್ಚಿದ್ದು ನಂಗೆ ಹೊರಗಿಂದ್ಲೇ ಕಾಣಿಸ್ತು. ಆಮೇಲೆ ನಾನೇ ನೋಡಬೇಕು ಅಂದ್ಕೊಂಡು ಮರೆತೆ. ತಪ್ಪು ಇಬ್ಬರದ್ದೂ. ಈಗ ಇವರನ್ನ ಒಳಗೆ ಬಿಡು."

ಹುಳುಗಳು ಪೆಟ್ಟಿಗೆಯ ಬಾಯಿಯ ಹಲಗೆಯ ಮೇಲೆ ಸುರಿದು, ಸಾಲುಕಟ್ಟಿ ಒಳಗೆ ನಡೆದವು. ಕೆಲವು ಮಾತ್ರ ಟೋಪಿ ಬಿಟ್ಟು ಬರಲೊಲ್ಲವು. ಹಾಗಾಗಿ ಟೋಪಿಯನ್ನು ಪೆಟ್ಟಿಗೆಯ ಬಾಯಿಗೆ ಒರಗಿಸಿಯೇ ಬಿಟ್ಟರು.

ಬೆಳಿಗ್ಗೆ ಎಲ್ಲರಿಗಿಂತ ಮೊದಲು ತಿಂಕಾರಾ ಬರಿದಲೆಯಲ್ಲೇ ನೀಲಿ ಪೆಟ್ಟಿಗೆಯ ಬಾಗಿಲು ತೆರೆದಳು. ನೋಡದೆ ಬಿಟ್ಟಿದ್ದ ಕೊನೆಯ ಎರಡು ಚೌಕಟ್ಟಿಗೆ ಕೈ ಹಾಕಿದಳು. ಹುಳುಗಳು ಕೈಮೇಲೆ ಹತ್ತಿದವು. ಈ ಸಲ ಅವಳು ಹಿಂದೆ ಸರಿಯಲಿಲ್ಲ. ಒಂದನ್ನು ಎಳೆದಳು, ತಿರುಗಿಸಿದಳು. ಇನ್ನೊಂದನ್ನು ಎಳೆದಳು, ಕೆಳಗಂಚಿಗೆ ಬಗ್ಗಿ ನೋಡಿದಳು.

"ಅತ್ತೇ!" ಅವಳ ಕೂಗಿಗೆ ಇಡೀ ಶಿಬಿರ ಎದ್ದಿತು. "ಇಲ್ಲಿ ಇನ್ನೂ ಎರಡು ರಾಣಿಕೋಶ ಇದ್ದಾವೆ!"